ಪಡಸಾಲೆಯ ಬೆಡಗು, ಒಳಮನೆಯ ಕತ್ತಲೆ

ಹೊಸದಾಗಿ ಸಂಸಾರ ಹೂಡಿದವರಿಂದಲೂ, ಒಂದು ಮನೆಯಿಂದ ಇನ್ನೊಂದು ಮನೆಗೆ ಬಿಡಾರ ಬದಲಿಸಿದವರಿಂದಲೂ ನಮಗೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕೈಯಲ್ಲಿ ಇಷ್ಟೇ ಹಣವಿದೆ, ಮನೆಯನ್ನು ಅಂದವಾಗಿ ಅಣಿಗೊಳಿಸುವುದು ಹೇಗೆ? ಈ 'ಇಷ್ಟೇ' ಎಂಬುದು ಒಬ್ಬರಿಗೆ 20,000 ರೂಪಾಯಿ, ಮತ್ತೊಬ್ಬರಿಗೆ 50,000. ಮೊತ್ತದಲ್ಲಿ ಹೆಚ್ಚುಕಡಿಮೆಯಿದ್ದರೂ ಅವರು ಮನಸ್ಸಿನಲ್ಲಿಟ್ಟುಕೊಂಡಿರುವ ಸಾಮಾನುಗಳ ಪಟ್ಟಿಯಲ್ಲಿ ವ್ಯತ್ಯಾಸವಿರುವುದಿಲ್ಲ. ಮೊದಲು ಸೋಫಾ, ಅದರ ಮುಂದೆ ಗಾಜಿನ ಮೇಜು, ಟೆಲಿವಿಷನ್ನಿಗೆ ಗೋಡೆಯಷ್ಟಗಲದ ಕಪಾಟು, ಕಿಟಕಿಗೆ ನೆಲ ಮುಟ್ಟುವ ಪರದೆ. ಹಣವುಳಿದರೆ ಒಳಗಿನ ಕೋಣೆಗಳು. ಹಣವುಳಿಯುವುದಿಲ್ಲವೆಂಬುದನ್ನು ನಾವು ಬೇರೆಯಾಗಿ ಹೇಳಬೇಕಾದುದಿಲ್ಲ.

ಈ ಕ್ರಮವೇ ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ. ದಂಪತಿಗಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ, ಹೀಗೆ ಐವರಿರುವ ಒಂದು ಸಾಧಾರಣ ಕುಟುಂಬವನ್ನು ಎಣಿಸಿಕೊಳ್ಳೋಣ. ಆ ಸೋಫಾದ ಮೇಲೆ ಅತಿಥಿಗಳು ತಿಂಗಳಿಗೆ ಎಷ್ಟು ಗಂಟೆ ಕುಳಿತಾರು? ಹತ್ತು ಗಂಟೆಯಾದರೆ ಅದೇ ಹೆಚ್ಚು. ಅಡಿಗೆಮನೆಯಲ್ಲಾದರೋ ಗೃಹಿಣಿಯು ದಿನವೊಂದಕ್ಕೆ ನಾಲ್ಕೈದು ಗಂಟೆ ನಿಲ್ಲುವಳು. ದೀಪವು ಅವಳ ಬೆನ್ನ ಹಿಂದೆ ನೆತ್ತಿಯ ಮೇಲಿರುವುದರಿಂದ ಹೆಚ್ಚುವ ಬದನೆಕಾಯಿಯ ಮೇಲೆ ಬೀಳುವುದು ಅವಳ ನೆರಳೇ. ಹುಳುಕನ್ನು ನೋಡಬೇಕಾದರೆ ಕಾಯಿಯನ್ನು ಕಿಟಕಿಯ ಬಳಿಗೆ ಒಯ್ಯಬೇಕು. ಮಕ್ಕಳು ಮಂಚದ ಮೇಲೆ ಬೋರಲಾಗಿ ಮಲಗಿ ಲೆಕ್ಕ ಬರೆಯುತ್ತಾರೆ. ಮಂಡಿನೋವಿನ ಅತ್ತೆಯವರು ಆ ಹೊಸ ಸೋಫಾದಲ್ಲಿ ಒಮ್ಮೆ ಹೂತುಕೊಂಡರೆ ಏಳಲು ಎರಡು ಕಡೆಯಿಂದ ಇಬ್ಬರು ಕೈ ಕೊಡಬೇಕು. ಮನೆಯವರು ಬಾಳುವ ಕಡೆ ಕತ್ತಲೆ, ಮಂದಿ ನೋಡುವ ಕಡೆ ಬೆಡಗು! ಇದನ್ನು ಗೃಹಾಲಂಕಾರವೆನ್ನಲು ನಮ್ಮ ನಾಲಗೆ ಏಳದು.

ಅತಿಥಿಗಳಿಗೆ ಮರ್ಯಾದೆ ಬೇಡವೆ ಎಂದು ಕೆಲವರು ಕೇಳಬಹುದು. ಖಂಡಿತವಾಗಿಯೂ ಬೇಕು. ಆದರೆ ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಟ್ಟು, ಒಗೆದ ಜಮಖಾನೆ ಹಾಸಿ ಕುಳ್ಳಿರಿಸಿದ ಮನೆಗಳಲ್ಲಿ ಮರ್ಯಾದೆಗೆ ಕೊರತೆಯಿತ್ತೆಂದು ಯಾರೂ ಹೇಳಿಲ್ಲ. 'ನೆಂಟರು ಏನೆಂದುಕೊಂಡಾರು' ಎಂಬ ಭಯದಿಂದ ಸಾಮಾನು ಕೊಳ್ಳುವವರು ನೆಂಟರಿಗಾಗಿ ಕೊಳ್ಳುವುದಲ್ಲ, ಆ ಭಯಕ್ಕಾಗಿ ಕೊಳ್ಳುತ್ತಾರೆ.

ಈ ಭಯವನ್ನು ಬಲ್ಲ ಅಂಗಡಿಯವರು ಕಂತಿನ ಮಾತೆತ್ತುವರು. ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಸೋಫಾದ ಬೆಲೆ 40,000 ರೂಪಾಯಿ. 24 ತಿಂಗಳ ಕಂತು. ಬಡ್ಡಿ ವರ್ಷಕ್ಕೆ ನೂರಕ್ಕೆ 12 ಎಂದು ಹೇಳುತ್ತಾರೆ. ಎರಡು ವರ್ಷದ ಬಡ್ಡಿ 9,600 ಸೇರಿ 49,600 ರೂಪಾಯಿ. ತಿಂಗಳಿಗೆ ಸುಮಾರು 2,067. ಕೇಳಲು ಹಗುರವಾಗಿಯೇ ಇದೆ. ಆದರೆ ಅಸಲು ತಿಂಗಳು ತಿಂಗಳೂ ತೀರುತ್ತ ಬರುತ್ತಿದ್ದರೂ ಬಡ್ಡಿಯನ್ನು ಮಾತ್ರ ಕೊನೆಯವರೆಗೆ ಪೂರ್ತಿ 40,000ಕ್ಕೇ ಕಟ್ಟಿದ್ದಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿಯೆಂದು ಎಣಿಸಿದರೆ ಅದು ನೂರಕ್ಕೆ 12 ಅಲ್ಲ, ಇಪ್ಪತ್ತೊಂದೂವರೆಗೆ ಬಂದು ನಿಲ್ಲುತ್ತದೆ! 'ಬಡ್ಡಿಯೇ ಇಲ್ಲ' ಎಂಬ ಕಂತುಗಳೂ ಉಂಟು. ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತು. ಬಡ್ಡಿಯ ಹೆಸರು ಇಲ್ಲದಿದ್ದಲ್ಲಿ ಅದು ಶುಲ್ಕದಲ್ಲಿಯೋ, ನಗದು ಕೊಟ್ಟವರಿಗೆ ದೊರೆಯುವ ರಿಯಾಯಿತಿ ನಮಗೆ ತಪ್ಪಿಹೋಗುವುದರಲ್ಲಿಯೋ ಅಡಗಿರುತ್ತದೆ. ಔಷಧಕ್ಕಾಗಿ, ಓದಿಗಾಗಿ ಸಾಲ ಮಾಡಬೇಕಾಗಿ ಬರುವುದುಂಟು. ಕುಳಿತುಕೊಳ್ಳುವುದಕ್ಕಾಗಿ ಸಾಲ ಮಾಡಿ ಎರಡು ವರ್ಷ ನಿದ್ದೆಗೆಡುವುದು ಯಾವ ಸುಖ?

ಹಾಗಾದರೆ ಮೊದಲನೆಯ ಹಣ ಎಲ್ಲಿಗೆ ಹೋಗಬೇಕು? ಗೋಡೆಗೆ ಮತ್ತು ಬೆಳಕಿಗೆ ಎಂದು ನಾವು ಹೇಳುವೆವು. ಮಾಸಿದ ಗೋಡೆಯ ಮುಂದೆ ಬೀಟೆಯ ಮರದ ಕುರ್ಚಿಯೂ ಕಳೆಗುಂದುವುದು. ಬೆಳ್ಳನೆಯ ಗೋಡೆಯ ಮುಂದೆ ಮಣ್ಣಿನ ಹೂಜಿಯೂ ಶೋಭಿಸುವುದು. ಮಣ್ಣಿನ ಗೋಡೆ, ಗಾರೆಯ ಗೋಡೆಗಳಿಗೆ ಸುಣ್ಣಕ್ಕಿಂತ ಸೋವಿಯಾದುದೂ ಮೇಲಾದುದೂ ಇಲ್ಲ. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗಿ ಗಟ್ಟಿಗೊಳ್ಳುವುದು. ಗೋಡೆಯೊಳಗಿನ ತೇವವನ್ನು ತಡೆಹಿಡಿಯದೆ ಹೊರಗೆ ಬಿಡುವುದು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಎರಡು ದಿನ ನೆನೆಯಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಗೋಂದನ್ನೂ ಬಿಳುಪಿಗೆ ಚಿಟಿಕೆ ನೀಲಿಯನ್ನೂ ಬೆರೆಸಿ, ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ದಪ್ಪನಾಗಿ ಒಂದೇ ಸಲ ಬಳಿದರೆ ಹೊಪ್ಪಳೆ ಏಳುತ್ತದೆ. ಅರಳಿಸುವಾಗ ಸುಣ್ಣ ಕೊತಕೊತನೆ ಕುದಿಯುವುದರಿಂದ ಮಕ್ಕಳನ್ನು ದೂರವಿರಿಸತಕ್ಕದ್ದು. ಕಣ್ಣಿಗೆ ಸಿಡಿದರೆ ಬಹಳ ಅಪಾಯ. ಇನ್ನು ಈಗಾಗಲೇ ಪ್ಲಾಸ್ಟಿಕ್ ಬಣ್ಣ ಬಳಿದ ಗೋಡೆಯ ಮೇಲೆ ಸುಣ್ಣ ನಿಲ್ಲದು. ಅಂಥಲ್ಲಿ ಡಿಸ್ಟೆಂಪರಿಗೆ ಶರಣಾಗುವುದೇ ಸರಿ. ಬಾಡಿಗೆಯ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ನಮ್ಮ ಹಳೆಯ ಮನೆಗಳಲ್ಲಿ ಗೋಡೆಯ ಬುಡಕ್ಕೆ ಒಂದೂವರೆ ಅಡಿ ಎತ್ತರದ ಕೆಮ್ಮಣ್ಣಿನ ಪಟ್ಟೆಯೊಂದನ್ನು ಎಳೆಯುತ್ತಿದ್ದರು. ಅದು ಅಂದಕ್ಕೆ ಮಾತ್ರವೆಂದು ತಿಳಿಯಬೇಡಿ. ನೆಲ ಒರೆಸುವಾಗ ಸಿಡಿಯುವ ಕೊಳೆ, ಕುಳಿತವರ ಬೆನ್ನಿನ ಎಣ್ಣೆ, ಮಕ್ಕಳ ಅಂಗಾಲು, ಇವೆಲ್ಲವೂ ಆ ಪಟ್ಟೆಯಲ್ಲಿ ಮರೆಯಾಗುತ್ತಿದ್ದುವು. ಈಗಲೂ ಹಾಗೆ ಮಾಡಲು ಅಡ್ಡಿಯೇನು? ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಸ್ತ್ರೀಯರು ಬರೆಯುವ ಹಸೆ ಚಿತ್ರಗಳನ್ನು ನೋಡಿದವರು ಅಲಂಕಾರಕ್ಕೆ ಹಣ ಬೇಕೆಂಬ ಮಾತನ್ನೇ ಆಡಲಾರರು. ಅಕ್ಕಿಯನ್ನು ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕಪ್ಪಗೆ ಹುರಿದು ಅರೆದರೆ ಕಪ್ಪು, ಕೆಮ್ಮಣ್ಣು ಕೆಂಪು, ಗುರಿಗೆ ಕಾಯಿಯ ಬೀಜ ಹಳದಿ; ಪುಂಡಿಯ ನಾರೇ ಕುಂಚ. ಬಣ್ಣದಂಗಡಿಗೆ ಕಾಲಿಡದೆ ಬಣ್ಣದ ಮನೆಯಾಯಿತು!

ದೀಪದ ವಿಷಯದಲ್ಲಿ ಈಗಿನವರು ನಮ್ಮ ಹಿರಿಯರಿಗಿಂತ ಭಾಗ್ಯವಂತರು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಮೊದಲಾದ ಮೇಲೆ ಎಲ್.ಇ.ಡಿ. ದೀಪಗಳು ಬಡವರ ಕೈಗೂ ಎಟುಕುವಂತಾದುವು. ಹಿಂದೆ 60 ವಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಇಂದು ಸುಮಾರು 9 ವಾಟಿನ ದೀಪವೇ ಕೊಡುತ್ತದೆ. ಆದುದರಿಂದ ಕೋಣೆಯ ನಡುವೆ ಒಂದೇ ದೊಡ್ಡ ದೀಪವನ್ನು ತೂಗುಹಾಕುವ ಬದಲು ಕೆಲಸ ನಡೆಯುವ ಕಡೆಯಲ್ಲೆಲ್ಲ ಚಿಕ್ಕ ದೀಪವೊಂದನ್ನಿಡುವುದು ಲೇಸು. ಅಡಿಗೆಯ ಕಟ್ಟೆಯ ಮೇಲೆ ಹಲಗೆಯಿದ್ದರೆ ಅದರ ಕೆಳಗೆ, ಮುಂಭಾಗದಲ್ಲಿ, ಒಂದು ಪಟ್ಟಿದೀಪವನ್ನು ಕೂರಿಸಿದರೆ ನೆರಳಿನ ಪೀಡೆ ಅಂದಿಗೇ ಮುಗಿಯಿತು. ಓದುವ ಮಕ್ಕಳಿಗೆ ಬೆಳಕು ಎಡಗಡೆಯಿಂದ ಬೀಳಬೇಕು. ಎಡಗೈಯಲ್ಲಿ ಬರೆಯುವ ಮಗುವಾದರೆ ಬಲಗಡೆಯಿಂದ. ಮಲಗುವ, ಕುಳಿತು ಮಾತನಾಡುವ ಕೋಣೆಗಳಿಗೆ ಹಳದಿ ಬೆಳಕಿನ, ಎಂದರೆ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವ ದೀಪಗಳನ್ನು ಆರಿಸಿಕೊಳ್ಳಿರಿ. ಬಿಳಿಯ ಬೆಳಕಿನಲ್ಲಿ ಮನೆಯು ಔಷಧಾಲಯದಂತೆ ಕಾಣುವುದು.

ಇನ್ನು ಕುಳಿತುಕೊಳ್ಳುವ ವಿಚಾರ. ಹಿರಿಯರಿಗೆ ಕೈಯಿರುವ, ಗಟ್ಟಿಯಾದ ಕುರ್ಚಿಯೊಂದು ಎಲ್ಲಕ್ಕಿಂತ ಮೊದಲು ಬರಬೇಕು. ಪೀಠವು ನೆಲದಿಂದ ಸುಮಾರು 18 ಅಂಗುಲವಿದ್ದರೆ ಮಂಡಿಗೆ ತ್ರಾಸವಿಲ್ಲದೆ ಏಳಬಹುದು. ಎರಡನೆಯದು ಮಕ್ಕಳ ಬರೆಯುವ ಮೇಜು. ಕುರ್ಚಿಯಲ್ಲಿ ಕೂರುವವರಿಗೆ 28ರಿಂದ 30 ಅಂಗುಲದೆತ್ತರದ ಮೇಜು ಬೇಕು. ಹಣವಿಲ್ಲದಿದ್ದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಸರಿಹೊಂದುವ ಇಳಿಜಾರು ಡೆಸ್ಕೊಂದನ್ನು ಊರಿನ ಬಡಗಿಯಿಂದ ಮಾಡಿಸಿದರೂ ಸಾಕು. ಶಾನುಭೋಗರು ಲೆಕ್ಕ ಬರೆದುದು ಅಂಥ ಪೆಟ್ಟಿಗೆಯ ಮೇಲೆಯೇ. ಮೂರನೆಯದಾಗಿ ಅಡಿಗೆಯ ಕಟ್ಟೆಯನ್ನು ಅಳೆದು ನೋಡಿರಿ. ನಿಂತವಳ ಮೊಣಕೈಗಿಂತ ಅದು ಸುಮಾರು 4 ಅಂಗುಲ ಕೆಳಗಿರಬೇಕು. ಕಟ್ಟೆಯು ಎತ್ತರವಾದರೆ ಕಾಲಡಿಗೆ ಅಗಲವಾದ, ಅಲುಗದ ಹಲಗೆಯೊಂದನ್ನು ಹಾಕಬಹುದು. ತಗ್ಗಾದರೆ ಹೆಚ್ಚುವ ಮಣೆಗೆ ಕಾಲು ಕಟ್ಟಿಸಬಹುದು. ನೂರಾರು ರೂಪಾಯಿಗಳಲ್ಲಿ ಮುಗಿಯುವ ಈ ಕೆಲಸ ಎಷ್ಟು ಮನೆಗಳಲ್ಲಿ ಆಗಿದೆ? ಸೋಫಾದ ಬಣ್ಣಕ್ಕಾಗಿ ಮೂರು ಸಂಜೆ ಅಂಗಡಿ ಅಲೆದವರು ಮನೆಯಾಕೆಯ ಬೆನ್ನುನೋವಿಗೆ ಅಳತೆಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡಿರುವುದಿಲ್ಲ.

ಪಡಸಾಲೆಗೆ ಒಂದು ಅಗಲವಾದ ಬೆಂಚು, ಒಂದು ಒಳ್ಳೆಯ ಜಮಖಾನೆ ಇವೆರಡಿದ್ದರೆ ಮೊದಲ ವರ್ಷಕ್ಕೆ ಧಾರಾಳವಾಯಿತು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ಹೆಂಗಸರೇ ನೇಯುವ ಹತ್ತಿಯ ಜಮಖಾನೆಗಳು ಹೆಸರಾದುವು; ಪಗಡೆಯ ಹಾಸು, ನವಿಲುಗಳು ಅವುಗಳ ಗುರುತು. ಯಂತ್ರದ ಹಾಸಿಗಿಂತ ಬೆಲೆ ಹೆಚ್ಚೆಂಬುದನ್ನು ಮರೆಮಾಚುವುದಿಲ್ಲ. ಆದರೆ ಅದು ಒಗೆತಕ್ಕೆ ಬಾಳುತ್ತದೆ, ಮಡಿಸಿದರೆ ಮೂಲೆಯಲ್ಲಿ ಅಡಗುತ್ತದೆ, ರಾತ್ರಿ ನೆಂಟರು ಉಳಿದರೆ ಹಾಸಿಗೆಯೂ ಆಗುತ್ತದೆ. ಸೋಫಾ ಇವುಗಳಲ್ಲಿ ಯಾವುದನ್ನು ಮಾಡೀತು? ಬೆಂಚಿನ ಮೇಲೆ ಹಾಸಲು ಹಳೆಯ ಸೀರೆಗಳ ಕೌದಿಗಿಂತ ಚೆಲುವಾದುದು ಬೇರೆಯಿಲ್ಲ. ಉತ್ತರ ಕರ್ನಾಟಕದಲ್ಲಿ ಕೌದಿಯಿಲ್ಲದ ಹಳೆಯ ಮನೆಯಿಲ್ಲ. ಉತ್ತರ ಕನ್ನಡದ ಸಿದ್ದಿ ಸ್ತ್ರೀಯರು ಹೊಲಿಯುವ ಕವಂದಿಯಂತೂ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಯುತ್ತದೆ. ಕೈಹೊಲಿಗೆಯ ಸಾಲುಗಳೇ ಅದರ ಚಿತ್ತಾರ. ಸವೆದ ಸೀರೆಯ ಸೆರಗು ಮಾತ್ರ ಗಟ್ಟಿಯಾಗಿ ಉಳಿದಿದ್ದರೆ ಅದು ಬಾಗಿಲಿನ ಪರದೆಯಾಗಲಿ.

ಮರದ ಸಾಮಾನು ಕೊಳ್ಳುವಾಗ ಹೊಳಪಿಗೆ ಮರುಳಾಗಕೂಡದು. ಅಗ್ಗದ ಹೊಸ ಕಪಾಟುಗಳಲ್ಲಿ ಹೆಚ್ಚಿನವು ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಹಲಗೆಯವು. ನೀರು ತಾಗಿದರೆ ಅವು ರೊಟ್ಟಿಯಂತೆ ಉಬ್ಬುತ್ತವೆ. ತಿರುಪು ಒಮ್ಮೆ ಸಡಿಲಿದರೆ ಮತ್ತೆ ಹಿಡಿಯದು. ಮನೆ ಬದಲಿಸುವವರಿಗೆ ಎರಡನೆಯ ಬಿಡಾರಕ್ಕೇ ಬೀಳ್ಕೊಡುಗೆ. ಅದೇ ಹಣಕ್ಕೆ ಹಳೆಯ ಸಾಮಾನಿನ ಅಂಗಡಿಯಲ್ಲಿ ತೇಗದ, ಹಲಸಿನ, ಹೊನ್ನೆಯ ಮೇಜು ದೊರೆಯುವ ಸಂಭವವುಂಟು. ಕೊಳ್ಳುವಾಗ ಮಗುಚಿ ಹಾಕಿ ತಳವನ್ನು ನೋಡಿರಿ; ಮುಖವನ್ನು ಯಾರಾದರೂ ಉಜ್ಜಿರುತ್ತಾರೆ. ಸೂಜಿ ಚುಚ್ಚಿದಂಥ ತೂತುಗಳೂ, ಕಾಲಿನ ಕೆಳಗೆ ನಯವಾದ ಹಿಟ್ಟೂ ಕಂಡರೆ ಹುಳು ಹಿಡಿದಿದೆ. ಪುಕ್ಕಟೆ ಕೊಟ್ಟರೂ ಬೇಡ. ಕೀಲುಗಳು ಅಲುಗಿದರೆ ಹೆದರಬೇಕಾಗಿಲ್ಲ, ಬಡಗಿಗೆ ಅದು ಅರ್ಧ ದಿನದ ಕೆಲಸ.

ಕೊಳ್ಳುವುದಕ್ಕೆ ಮೊದಲು ಅಟ್ಟವನ್ನೊಮ್ಮೆ ಹತ್ತಿ ನೋಡುವುದೂ ಅವಶ್ಯ. ಅಜ್ಜಿಯ ಹಿತ್ತಾಳೆಯ ಕೊಳಗವನ್ನು ಗುಜರಿಯವನಿಗೆ ತೂಕಕ್ಕೆ ಮಾರಿ, ಅದರ ಹತ್ತರಷ್ಟು ಹಣ ತೆತ್ತು ಪೇಟೆಯಿಂದ ಹಳೆಯ ಕಾಲದ ಕೊಳಗದ ನಕಲನ್ನು ತಂದು ಹೂವಿಡುವವರುಂಟು. ಇವರಿಗೆ ಏನು ಹೇಳಬೇಕೋ ತಿಳಿಯದು. ಹುಣಿಸೆಹಣ್ಣಿನಲ್ಲಿ ಬೆಳಗಿದ ಒಂದು ಹಂಡೆ ಕೋಣೆಯ ಮೂಲೆಗೆ ಕೊಡುವ ಕಳೆಯನ್ನು ಗಾಜಿನ ಬೀರುವಿನ ತುಂಬ ಇರಿಸಿದ ಗೊಂಬೆಗಳು ಕೊಡಲಾರವು. ಹಳೆಯ ಮನೆಯಲ್ಲಿ ಕೆಂಪು ಗಾರೆಯ ನೆಲವಿದ್ದರೆ ಅದನ್ನು ಒಡೆದು ಹೊಸ ಬಿಲ್ಲೆ ಹಾಕಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಚೆನ್ನಾಗಿ ಉಜ್ಜಿ ತೆಗೆದರೆ ಅದು ಹೊಳೆಯುವುದು. ಎಣ್ಣೆ ಹೆಚ್ಚಾದರೆ ಜಾರುವುದು, ಜೋಕೆ.

30,000 ರೂಪಾಯಿ ಕೂಡಿಟ್ಟವರು ಅದನ್ನು ಒಂದೇ ತಿಂಗಳಲ್ಲಿ ಮುಗಿಸಬೇಕೆಂದೇನೂ ಇಲ್ಲ. ಗೋಡೆ, ದೀಪ, ಹಿರಿಯರ ಕುರ್ಚಿ, ಮಕ್ಕಳ ಮೇಜು, ಅಡಿಗೆಮನೆಯ ಹಲಗೆಗಳು, ಇಷ್ಟಕ್ಕೆ 20,000 ದಾಟದಂತೆ ನೋಡಿಕೊಂಡು, ಉಳಿದ 10,000ವನ್ನು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ಮುಟ್ಟದಿರುವುದು ಮೇಲು. ಯಾವ ಕಿಟಕಿಯಿಂದ ಇರಚಲು ಹೊಡೆಯುತ್ತದೆ, ಮಧ್ಯಾಹ್ನದ ಬಿಸಿಲು ಎಲ್ಲಿಗೆ ಬೀಳುತ್ತದೆ, ಮನೆಯವರು ತಾವಾಗಿಯೇ ಎಲ್ಲಿ ಹೋಗಿ ಕೂರುತ್ತಾರೆ ಎಂಬುದು ಮನೆಯಲ್ಲಿ ಬಾಳಿದ ಮೇಲಲ್ಲದೆ ತಿಳಿಯುವುದಿಲ್ಲ. ಅಲ್ಲಿಯವರೆಗೆ ಪಡಸಾಲೆಯ ಒಂದು ಗೋಡೆ ಬರಿದಾಗಿರಲಿ. ಬರಿದಾದ ಜಾಗವನ್ನು ಕಂಡೊಡನೆ ಏನನ್ನಾದರೂ ತಂದು ತುರುಕುವ ಚಪಲವನ್ನು ಬಿಡಬೇಕು. ಮಕ್ಕಳಿಗೆ ಆಡಲು ಬೇಕಾದುದು ಆ ಜಾಗವೇ.

ಬಾಡಿಗೆಯ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯದೆ ಹಲಗೆ, ಚಿತ್ರ, ಬಟ್ಟೆಯ ಗೂಟಗಳನ್ನು ನಿಲ್ಲಿಸುವ ಬಗೆಯನ್ನು ಅನೇಕ ಸೋದರಿಯರು ಕೇಳಿದ್ದಾರೆ. ಅದನ್ನು ಇಲ್ಲಿಯೇ ಸೇರಿಸಿದರೆ ಲೇಖನ ಬೆಳೆದೀತು; ಮುಂದಿನ ಸಂಚಿಕೆಯಲ್ಲಿ ಅಳತೆಗಳೊಡನೆ ವಿವರಿಸುವೆವು.