ಭಿತ್ತಿಪತ್ರವನ್ನು ಓದುವವರು ಯಾರು?

ವರ್ಷದ ಪರೀಕ್ಷೆಗಳಿಗೆ ಕೆಲವು ವಾರಗಳ ಮೊದಲು ನಮ್ಮ ಮಂಗಳೂರಿನ ಕಾಲೇಜುಗಳಲ್ಲಿ ವಿಜ್ಞಾನ ಪ್ರದರ್ಶನಗಳ, ವಿಚಾರಸಂಕಿರಣಗಳ ಸುಗ್ಗಿ ಬರುತ್ತದೆ. ಆ ದಿನಗಳ ಸಂಜೆ ಹಂಪನಕಟ್ಟೆಯ ಆಸುಪಾಸಿನ ಮುದ್ರಣದ ಅಂಗಡಿಗಳ ಮುಂದೆ ನಿಂತು ನೋಡಿದರೆ, ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಸರದಿ ಕಾಯುವ ವಿದ್ಯಾರ್ಥಿಗಳನ್ನು ಕಾಣಬಹುದು. ಕೊಣಾಜೆಯಿಂದಲೋ ಸುರತ್ಕಲ್ಲಿನಿಂದಲೋ ಬಸ್ಸು ಹಿಡಿದು ಬಂದವರೂ ಅವರಲ್ಲಿ ಇರುತ್ತಾರೆ. ಮರುದಿನ ಬೆಳಗಾಗುವಷ್ಟರಲ್ಲಿ ಎದೆಯೆತ್ತರದ ಹಾಳೆಯೊಂದು ಸುರುಳಿಯಾಗಿ ಅವರ ಕಂಕುಳನ್ನು ಸೇರಿರುತ್ತದೆ. ಸಂಜೆಗೆ ಅದರ ಆಯುಷ್ಯವೂ ಮುಗಿದಿರುತ್ತದೆ.

ಇಂತಹ ಪ್ರದರ್ಶನಗಳಲ್ಲಿ ಹಲವು ಸಲ ತೀರ್ಪುಗಾರರಾಗಿ ಸುತ್ತಾಡಿದ ನಮಗೆ ಒಂದು ಸಂಗತಿ ದಿನೇ ದಿನೇ ಸ್ಪಷ್ಟವಾಗುತ್ತ ಬಂದಿದೆ. ಹಾಳೆ ದೊಡ್ಡದಾದಂತೆಲ್ಲ ಅದರ ಮೇಲಿನ ಬರೆಹ ಹೆಚ್ಚುತ್ತಿದೆ, ಓದುವವರು ಕಡಿಮೆಯಾಗುತ್ತಿದ್ದಾರೆ. ಮುದ್ರಣದ ಈ ಸೌಕರ್ಯವನ್ನು ನಮ್ಮ ವಿದ್ಯಾರ್ಥಿಗಳು ಅಂಗಡಿಯ ವ್ಯವಹಾರವೆಂದು ತಿಳಿದಿರುವುದೇ ಇದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ. ಭಿತ್ತಿಪತ್ರವನ್ನು ಸಿದ್ಧಪಡಿಸುವುದು ಪ್ರಯೋಗಶಾಲೆಯ ಕೆಲಸದ ಒಂದು ಭಾಗ. ಅದಕ್ಕೂ ಅಳತೆಯಿದೆ, ಲೆಕ್ಕವಿದೆ.

ಯಂತ್ರದ ಕೆಲಸವೇನೋ ಸೋಜಿಗದ್ದೇ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕೆಲವು ಜಾತಿಯ ಸ್ಫಟಿಕಗಳನ್ನು ಅದುಮಿದರೆ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ಅದರ ವಿಲೋಮವೂ ನಿಜ: ವಿದ್ಯುತ್ತನ್ನು ಒದಗಿಸಿದರೆ ಸ್ಫಟಿಕವು ತನ್ನ ಆಕಾರವನ್ನು ಕಿಂಚಿತ್ತು ಬದಲಿಸುತ್ತದೆ. ದೊಡ್ಡ ಹಾಳೆಗಳನ್ನು ಮುದ್ರಿಸುವ ಅನೇಕ ಯಂತ್ರಗಳಲ್ಲಿ ಈ ಗುಣವುಳ್ಳ ಪದಾರ್ಥವೇ ಶಾಯಿಯನ್ನು ಹನಿಹನಿಯಾಗಿ ಚಿಮ್ಮಿಸುತ್ತದೆ. ಒಂದು ಹನಿಯ ಗಾತ್ರ ನಾಲ್ಕು ಪಿಕೋಲೀಟರು ಎಂದಿಟ್ಟುಕೊಳ್ಳೋಣ. ಲೀಟರಿನ ಲಕ್ಷ ಕೋಟಿಯ ಒಂದು ಪಾಲಿಗೆ ಪಿಕೋಲೀಟರು ಎಂದು ಹೆಸರು. ಗೋಲದ ಘನಫಲದ ಸೂತ್ರವನ್ನು ಬಲ್ಲ ಹೈಸ್ಕೂಲಿನ ವಿದ್ಯಾರ್ಥಿ ಈ ಹನಿಯ ವ್ಯಾಸವು ಮಿಲಿಮೀಟರಿನ ಐವತ್ತನೆಯ ಒಂದು ಪಾಲೆಂದು ತಾನೇ ಕಂಡುಕೊಳ್ಳಬಲ್ಲನು. ತಲೆಗೂದಲು ಇದಕ್ಕಿಂತ ದಪ್ಪ. ಇಷ್ಟು ಸೂಕ್ಷ್ಮವಾದ ಕುಂಚ ಕೈಗೆ ಸಿಕ್ಕಿದಾಗ ಎಷ್ಟು ಚಿಕ್ಕದಾಗಿಯಾದರೂ ಬರೆಯಬಹುದೆಂಬ ಆಸೆ ಹುಟ್ಟುವುದು ಸಹಜವೇ.

ಈ ಆಸೆ ಹಿಂದಿನವರಿಗೆ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿ ನಮ್ಮ ಊರಿನಲ್ಲಿ ಮುದ್ರಣಾಲಯವನ್ನು ತೆರೆದಾಗ ಬಳಸಿದ್ದು ಕಲ್ಲಚ್ಚನ್ನು. ಕನ್ನಡದ ಮೊದಲ ಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗರು 1843ರ ಜುಲೈ ಒಂದರಂದು ಹೊರಡಿಸಿದ್ದೂ ಕಲ್ಲಿನ ಮೇಲಿಂದಲೇ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ತೋಯಿಸಿ, ಅನಂತರ ಶಾಯಿಯ ಉರುಳೆಯನ್ನು ಹಾಯಿಸಿದರೆ, ಒದ್ದೆಯಾದೆಡೆ ಶಾಯಿ ಹತ್ತುವುದಿಲ್ಲ, ಜಿಡ್ಡಿದ್ದಲ್ಲಿ ಮಾತ್ರ ಹತ್ತುತ್ತದೆ. ಎಣ್ಣೆ ನೀರುಗಳ ಹಗೆತನವೇ ಈ ವಿದ್ಯೆಯ ಬಂಡವಾಳ. ಮೊಳೆಗಳನ್ನು ಎರಕ ಹೊಯ್ಯುವ ತೊಂದರೆಯಿಲ್ಲವಾದುದರಿಂದ ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಸಲೀಸಾಗಿ ಮೂಡುತ್ತಿದ್ದವು. ಆದರೆ ಅಕ್ಷರ ಅಕ್ಷರವನ್ನೂ ಒಬ್ಬನು ಕುಳಿತು ಕೈಯಿಂದ ಬರೆಯಬೇಕಾಗಿತ್ತು. ಬರೆಯುವ ಕೈ ನೋಯುತ್ತಿದ್ದಾಗ ಅನಾವಶ್ಯಕವಾದ ವಾಕ್ಯಕ್ಕೆ ಎಡೆಯೆಲ್ಲಿ? ಇಂದಿನ ಯಂತ್ರವೂ ಮೊಳೆಗಳ ಹಂಗನ್ನು ತೊರೆದಿದೆ; ಜೊತೆಗೆ ಕೈಯ ನೋವನ್ನೂ ತೊರೆದಿದೆ. ಹಾಗಾಗಿ ಐವತ್ತು ಪುಟದ ಪ್ರಬಂಧವನ್ನು ಗಣಕದಲ್ಲಿ ಕತ್ತರಿಸಿ ಅಂಟಿಸಿ ಒಂದೇ ಹಾಳೆಗೆ ತುರುಕುವುದು ಐದು ನಿಮಿಷದ ಕೆಲಸವಾಗಿದೆ.

ಇನ್ನು ಲೆಕ್ಕಕ್ಕೆ ಬರೋಣ. ಸಮ್ಮೇಳನಗಳಲ್ಲಿ ರೂಢಿಯಾಗಿರುವ ಹಾಳೆಯ ಹೆಸರು ಎ-0. ಅದರ ಅಳತೆ 841 ಮಿಲಿಮೀಟರು ಅಗಲ, 1189 ಮಿಲಿಮೀಟರು ಉದ್ದ. ಗುಣಿಸಿ ನೋಡಿದರೆ ಸರಿಸುಮಾರು ಒಂದು ಚದರ ಮೀಟರು. ಭಾಗಿಸಿ ನೋಡಿದರೆ ಎರಡರ ವರ್ಗಮೂಲ. ಈ ಪ್ರಮಾಣದ ಹಾಳೆಯನ್ನು ಅಡ್ಡಕ್ಕೆ ಅರ್ಧವಾಗಿ ಮಡಿಸಿದರೂ ಆಕಾರ ಬದಲಾಗದೆಂಬುದನ್ನು ಜರ್ಮನಿಯ ಭೌತವಿಜ್ಞಾನಿ ಲಿಕ್ಟನ್‌ಬರ್ಗ್ 1786ರಷ್ಟು ಹಿಂದೆಯೇ ಒಂದು ಪತ್ರದಲ್ಲಿ ಬರೆದಿದ್ದನು. (ವಿದ್ಯುದಾವಿಷ್ಟವಾದ ಫಲಕದ ಮೇಲೆ ಪುಡಿಯನ್ನು ಉದುರಿಸಿ ಅದು ಚಿತ್ರವಾಗಿ ನಿಲ್ಲುವುದನ್ನು ತೋರಿಸಿದವನೂ ಇವನೇ. ಇಂದಿನ ಜೆರಾಕ್ಸ್ ಯಂತ್ರದೊಳಗೆ ನಡೆಯುವುದೂ ಅದೇ. ಕಾಗದಕ್ಕೂ ಮುದ್ರಣಕ್ಕೂ ಒಬ್ಬನೇ ಮನುಷ್ಯ ಹೀಗೆ ನೆನಪಾಗುವುದು ಚೋದ್ಯವಲ್ಲವೆ?) ನಮ್ಮ ಅಂಗಡಿಗಳಲ್ಲಾದರೋ ವ್ಯವಹಾರವೆಲ್ಲ ಅಡಿಯ ಲೆಕ್ಕದಲ್ಲಿ. ಎ-0 ಪ್ರಮಾಣದಲ್ಲಿ ರಚಿಸಿದ ಕಡತವನ್ನು ಮೂರಡಿ ನಾಲ್ಕಡಿಯ ಹಾಳೆಗೆ ಭರ್ತಿಯಾಗುವಂತೆ ಎಳೆದರೆ ಅಗಲ ನೂರಕ್ಕೆ ಸುಮಾರು ಒಂಬತ್ತು, ಉದ್ದ ನೂರಕ್ಕೆ ಎರಡೂವರೆ ಹಿಗ್ಗುತ್ತದೆ. ವೃತ್ತವು ದೀರ್ಘವೃತ್ತವಾಗುತ್ತದೆ, 45 ಡಿಗ್ರಿಯ ರೇಖೆ ತುಸು ಮಲಗುತ್ತದೆ. ನಕ್ಷೆಯನ್ನು ಬರೆಯುವಾಗ ಮಿಲಿಮೀಟರಿಗೆ ತಕರಾರು ಮಾಡುವ ವಿದ್ಯಾರ್ಥಿ ಇದನ್ನು ಗಮನಿಸದೆ ಹಣ ಕೊಟ್ಟು ಬರುತ್ತಾನೆ.

ಓದುವವನ ಕಣ್ಣಿಗೂ ಒಂದು ಮಿತಿಯಿದೆ. ಡಿಗ್ರಿಯ ಅರುವತ್ತನೆಯ ಒಂದು ಪಾಲಿಗಿಂತ ಸಣ್ಣ ಕೋನದಲ್ಲಿ ತೋರುವ ಎರಡು ಚುಕ್ಕೆಗಳನ್ನು ಆರೋಗ್ಯವಾದ ಕಣ್ಣೂ ಬಿಡಿಬಿಡಿಯಾಗಿ ಕಾಣಲಾರದು. ಒಂದು ಮೀಟರು ದೂರದಲ್ಲಿ ಈ ಕೋನಕ್ಕೆ ಸಲ್ಲುವ ಅಂತರ 0.29 ಮಿಲಿಮೀಟರು. 12 ದಶಲಕ್ಷ ಪಿಕ್ಸೆಲುಗಳ ಸಾಧಾರಣ ಫೋನಿನಿಂದ ತೆಗೆದ ಚಿತ್ರದ ಒಂದು ಬದಿಯಲ್ಲಿ 4,000 ಪಿಕ್ಸೆಲುಗಳಿರುತ್ತವೆ. ಅದನ್ನು ಎ-0 ಹಾಳೆಯ ಉದ್ದಕ್ಕೂ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲು 0.3 ಮಿಲಿಮೀಟರು ಆಗುತ್ತದೆ. ಎಂದರೆ ಒಂದು ಮೀಟರು ದೂರ ನಿಂತವನಿಗೆ ಚಿತ್ರ ನಯವಾಗಿಯೇ ಕಾಣುತ್ತದೆ. ಅದೇ ಚಿತ್ರ ಗೆಳೆಯನಿಂದ ವಾಟ್ಸಾಪಿನಲ್ಲಿ 1,600 ಪಿಕ್ಸೆಲುಗಳಿಗೆ ಕುಗ್ಗಿ ಬಂದುದಾದರೆ ಪಿಕ್ಸೆಲಿನ ಗಾತ್ರ ಮುಕ್ಕಾಲು ಮಿಲಿಮೀಟರು. ಎರಡೂವರೆ ಮೀಟರು ಹಿಂದೆ ಸರಿಯುವವರೆಗೂ ಅದು ಹರಕು ಹರಕಾಗಿ ತೋರುತ್ತದೆ. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಇಲ್ಲದ ವಿವರವನ್ನು ಅದು ತಂದುಕೊಡಲಾರದು.

ಅಕ್ಷರಗಳ ವಿಷಯ ಇನ್ನೂ ಸ್ವಾರಸ್ಯವಾದುದು. ನೇತ್ರವೈದ್ಯರ ಫಲಕದಲ್ಲಿ ಕಷ್ಟಪಟ್ಟು ಗುರುತಿಸಬಹುದಾದ ಅಕ್ಷರವು ಆ ಕೋನದ ಐದು ಪಟ್ಟು ಎತ್ತರವಿರುತ್ತದೆ. ಒಂದು ಮೀಟರು ದೂರಕ್ಕೆ ಒಂದೂವರೆ ಮಿಲಿಮೀಟರು. ಆಯಾಸವಿಲ್ಲದೆ ಓದಲು ಅದರ ಮೂರು ಪಟ್ಟಾದರೂ ಬೇಕು. ಜನ ಗುಂಪುಗೂಡುವ ಸ್ಥಳದಲ್ಲಿ ಒಂದೂವರೆ ಮೀಟರು ದೂರದಿಂದ ಓದಬೇಕೆಂದರೆ ಅಕ್ಷರದ ಮೈ ಆರೂವರೆ ಮಿಲಿಮೀಟರು ಇರತಕ್ಕದ್ದು. ಗಣಕದಲ್ಲಿ ನಾವು ಆರಿಸುವ ಪಾಯಿಂಟು ಮೇಲಿನ ಗುಡಿಸು, ಕೆಳಗಿನ ಒತ್ತುಗಳಿಗೆ ಬಿಟ್ಟ ಜಾಗವೆಲ್ಲವನ್ನೂ ಸೇರಿಸಿದ ಅಳತೆ. ಅಕ್ಷರದ ಮೈಗೆ ಅದರ ಅರ್ಧದಷ್ಟು ದೊರೆತರೆ ಹೆಚ್ಚು. ಆದುದರಿಂದ 36 ಪಾಯಿಂಟಿಗಿಂತ ಚಿಕ್ಕದಾಗಿ ಬರೆದ ಕನ್ನಡವು ಈ ದೂರಕ್ಕೆ ಸಾಲದು. ಮೇಲಾಗಿ, ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಹಲವೆಡೆ ಹೊಟ್ಟೆಯ ಕೆಳಗಿನ ಒಂದು ಚಿಕ್ಕ ಸೀಳೇ ತಿಳಿಸಬೇಕು. ಕಣ್ಣು ಅಕ್ಷರವನ್ನು ಕಂಡರೆ ಸಾಲದು, ಆ ಸೀಳನ್ನು ಕಾಣಬೇಕು. ಇಲ್ಲವಾದರೆ ‘ಧನ’ವು ‘ದನ’ವಾಗಿ ಹೋಗುತ್ತದೆ. ನಾವು ನೋಡಿದ ಅನೇಕ ಹಾಳೆಗಳಲ್ಲಿ ಅಕ್ಷರಗಳು 18 ಪಾಯಿಂಟನ್ನು ದಾಟಿರಲಿಲ್ಲ.

ಕನ್ನಡದ ಮಾತು ಬಂದುದರಿಂದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆವು. ನಮ್ಮ ವಿದ್ಯಾರ್ಥಿನಿಯರ ತಂಡವೊಂದು ನೇತ್ರಾವತಿಯ ಅಳಿವೆಗೆ ಸಮೀಪದ ಕೆಲವು ಮನೆಗಳ ಬಾವಿನೀರಿನ ಉಪ್ಪಿನಂಶವನ್ನು ವಿದ್ಯುದ್ವಾಹಕತೆಯ ಮೂಲಕ ತಿಂಗಳು ತಿಂಗಳೂ ಅಳೆದಿತ್ತು. ಬೇಸಗೆಯಲ್ಲಿ ಯಾವ ಬಾವಿಗೆ ಉಪ್ಪು ಏರುತ್ತದೆ, ಯಾವುದಕ್ಕೆ ಏರುವುದಿಲ್ಲ ಎಂಬುದು ಅವರ ನಕ್ಷೆಯಲ್ಲಿ ಅಚ್ಚುಕಟ್ಟಾಗಿ ಮೂಡಿತ್ತು. ಪ್ರದರ್ಶನದ ದಿನ ಆ ಮನೆಗಳವರನ್ನೂ ಆಮಂತ್ರಿಸಿದ್ದರು. ವಯಸ್ಸಾದ ತಾಯಿಯೊಬ್ಬರು ಹಾಳೆಯ ಮುಂದೆ ಬಹಳ ಹೊತ್ತು ನಿಂತು, ತಮ್ಮ ಬಾವಿ ಇದರಲ್ಲಿ ಯಾವುದು ಮಗಾ ಎಂದು ತುಳುವಿನಲ್ಲಿ ಕೇಳಿದರು. ಹಾಳೆಯ ತುಂಬ ಇಂಗ್ಲಿಷು. ಬಾವಿಗಳಿಗೆ ಅಂಕೆಗಳೇ ಹೆಸರು. ಹುಡುಗಿ ಬೆರಳಿಟ್ಟು ತೋರಿಸಿ ವಿವರಿಸಿದಳು, ನಿಜ. ಆದರೆ ಅವಳು ಊಟಕ್ಕೆ ಹೋದ ಮೇಲೆ ಬಂದವರಿಗೆ ತೋರಿಸಿದವರು ಯಾರು? ಆ ನೀರನ್ನು ಕುಡಿಯುವವರೇ ಅದರ ಸಂಗತಿಯನ್ನು ಓದಲಾಗದೆ ಹಿಂದಿರುಗಿದರು.

ಸಮ್ಮೇಳನಕ್ಕೆ ಇಂಗ್ಲಿಷು ಅನಿವಾರ್ಯವೆಂಬುದನ್ನು ಅಲ್ಲಗಳೆಯುವುದಿಲ್ಲ. ಊರಿನವರಿಗಾಗಿ ನಡೆಯುವ ಪ್ರದರ್ಶನದಲ್ಲಿ ಶಿರೋನಾಮೆ, ಮುಖ್ಯ ಫಲಿತಾಂಶ, ನಕ್ಷೆಯ ಅಕ್ಷಗಳ ಹೆಸರು, ಇಷ್ಟಾದರೂ ಕನ್ನಡದಲ್ಲಿ ಇರಲೇಬೇಕು. ಹಾಗೆ ಮಾಡಹೋದವರ ಗೋಳು ಬೇರೆ. ಮನೆಯಲ್ಲಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದುದನ್ನು ಅಂಗಡಿಯ ಹಳೆಯ ತಂತ್ರಾಂಶದಲ್ಲಿ ತೆರೆದಾಗ ಒತ್ತಕ್ಷರಗಳು ಕಳಚಿ ‘ವಿಜ್ಞಾನ’ವು ‘ವಿಜ್‌ಞಾನ’ವಾಗಿ ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ರಾತ್ರಿ ಒಂಬತ್ತಕ್ಕೆ ಬಂದ ಇಪ್ಪತ್ತು ಕಡತಗಳನ್ನು ಓದಿ ತಿದ್ದುವುದು ಅವನ ಕೆಲಸವಲ್ಲ. ಅಕ್ಷರವಿನ್ಯಾಸವನ್ನು ಒಳಗೇ ಸೇರಿಸಿಕೊಂಡ ಪಿಡಿಎಫ್ ಕಡತವನ್ನು ಒಯ್ದರೆ ಈ ಅನರ್ಥದ ಬಹುಪಾಲು ತಪ್ಪುತ್ತದೆ. ಆದರೆ ಇದನ್ನು ಅವರಿಗೆ ಯಾರಾದರೂ ಮೊದಲೇ ಕಲಿಸಬೇಕಷ್ಟೆ.

ಫ್ಲೆಕ್ಸಿನ ಬಗೆಗೂ ಎರಡು ಮಾತು. ವರ್ಷಕ್ಕೆ ಮೂರು ಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಕಾಗದ ಸುಕ್ಕುಗಟ್ಟುತ್ತದೆ, ನೀರಿಗೆ ಕರಗುವ ಬಣ್ಣ ಹರಡುತ್ತದೆ ಎಂಬುದು ದಿಟ. ಫ್ಲೆಕ್ಸಿನ ಮೆರೆದಾಟಕ್ಕೆ ಅದು ಕಾರಣ. ಆದರೆ ಸಭಾಂಗಣದ ಒಳಗೆ ಮಳೆ ಸುರಿಯುವುದಿಲ್ಲವಲ್ಲ! ಫ್ಲೆಕ್ಸ್ ಎಂದರೆ ಪಾಲಿಯೆಸ್ಟರಿನ ನೂಲಿನ ಬಲೆಗೆ ಬಳಿದ ಪಿವಿಸಿ. ಈ ಪಿವಿಸಿಯಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ಸುಡದಿದ್ದರೆ ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತದೆ. ಚದರ ಮೀಟರಿಗೆ 300 ಗ್ರಾಂ ಎಂದು ಹಿಡಿದರೆ, ಐವತ್ತು ಭಿತ್ತಿಪತ್ರಗಳ ಒಂದು ದಿನದ ಸಂಕಿರಣದಿಂದ ಉಳಿಯುವ ಕಸ 15 ಕಿಲೋಗ್ರಾಂ. ಪ್ಲಾಸ್ಟಿಕ್ಕಿನ ಬ್ಯಾನರು, ಫ್ಲೆಕ್ಸುಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ಕರ್ನಾಟಕ ಸರಕಾರವು 2016ರ ಮಾರ್ಚ್ 11ರ ಅಧಿಸೂಚನೆಯಿಂದ ನಿಷೇಧಿಸಿದೆ. ಪರಿಸರ ಮಾಲಿನ್ಯದ ಮೇಲಣ ಭಿತ್ತಿಪತ್ರವೇ ಫ್ಲೆಕ್ಸಿನ ಮೇಲೆ ಮೂಡಿ ಬಹುಮಾನವನ್ನು ಗಳಿಸಿದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೇವೆ. ನೀರಿಗೆ ಕರಗದ ವರ್ಣದ್ರವ್ಯದ ಶಾಯಿಯಿದೆ, ದಪ್ಪ ಕಾಗದವಿದೆ, ಮಡಚಿ ಚೀಲದಲ್ಲಿ ಒಯ್ಯಬಹುದಾದ ಬಟ್ಟೆಯೂ ಇದೆ.

ಹಾಗಾದರೆ ಮಾಡತಕ್ಕದ್ದೇನು? ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ ದೊಡ್ಡ ಹಾಳೆಯ ಮುದ್ರಣಕ್ಕೆ ಒಂದು ವ್ಯವಸ್ಥೆ ಇರಬೇಕು. ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅದು ತೆರೆದಿರಬೇಕು. 36 ಅಂಗುಲದ ಸುರುಳಿ ಹಿಡಿಸುವ ಯಂತ್ರ ಎ-0 ಹಾಳೆಗೆ ಸಾಕು. ಪ್ರತಿಯೊಂದು ಕಾಲೇಜೂ ಒಂದೊಂದನ್ನು ಕೊಳ್ಳಲಿ ಎಂದು ನಾವು ಹೇಳೆವು. ಇಂತಹ ಯಂತ್ರ ಕೆಲಸವಿಲ್ಲದೆ ಕುಳಿತರೆ ಅದರ ಸೂಕ್ಷ್ಮ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ದೀರ್ಘ ರಜೆ ಮುಗಿಸಿ ಬರುವಷ್ಟರಲ್ಲಿ ದುರಸ್ತಿಯ ಖರ್ಚು ಕಾದಿರುತ್ತದೆ. ಹಲವರು ಹಂಚಿಕೊಂಡರೆ ಅದಕ್ಕೆ ಬಿಡುವಿರುವುದಿಲ್ಲ. ಯಂತ್ರದ ಬಳಿ ಅಧ್ಯಾಪಕರೊಬ್ಬರೂ ಸರದಿಯ ಮೇಲೆ ಇಬ್ಬರು ವಿದ್ಯಾರ್ಥಿಗಳೂ ಇದ್ದು, ಬಂದ ಕಡತವನ್ನು ಓದಿ, ಪ್ರಶ್ನೆ ಕೇಳಿ, ಬೇಕಾದರೆ ಹಿಂದಿರುಗಿಸಬೇಕು. ಮೂರು ದಿನ ಮುಂಚಿತವಾಗಿ ಕೊಡದವರಿಗೆ ಮುದ್ರಣವಿಲ್ಲವೆಂಬ ನಿಯಮ ಕಟುವಾಗಿ ತೋರಿದರೂ ಇರಲಿ. ಮುಖ್ಯ ಅತಿಥಿಗಳ ಭಾವಚಿತ್ರವುಳ್ಳ ಸ್ವಾಗತ ಫಲಕಗಳಿಗೆ ಈ ಯಂತ್ರವನ್ನು ಬಳಸಕೂಡದೆಂಬುದು ನಮ್ಮ ವೈಯಕ್ತಿಕ ಸೇರ್ಪಡೆ. ಇದಕ್ಕೆ ಪ್ರಾಂಶುಪಾಲರುಗಳ ಒಪ್ಪಿಗೆ ದೊರೆಯುವುದು ಕಷ್ಟ.

ಅಂತಹ ವ್ಯವಸ್ಥೆ ಬರುವವರೆಗೆ ವಿದ್ಯಾರ್ಥಿಗಳು ತಾವೇ ಮಾಡಿಕೊಳ್ಳಬಹುದಾದ ಪರೀಕ್ಷೆಯೊಂದಿದೆ. ಎ-0 ಹಾಳೆಯನ್ನು ನಾಲ್ಕು ಸಲ ಅರ್ಧಿಸಿದರೆ ಎ-4 ಆಗುತ್ತದೆ. ಉದ್ದ ಅಗಲಗಳೆರಡೂ ಸರಿಯಾಗಿ ಕಾಲು ಭಾಗಕ್ಕೆ ಇಳಿಯುತ್ತವೆ. ಆದುದರಿಂದ ಇಡೀ ಭಿತ್ತಿಪತ್ರವನ್ನು ಒಂದು ಎ-4 ಹಾಳೆಯ ಮೇಲೆ ಮುದ್ರಿಸಿ, ಒಂದೂವರೆ ಮೀಟರಿನ ಕಾಲು ಭಾಗ, ಎಂದರೆ ಸುಮಾರು 37 ಸೆಂಟಿಮೀಟರು ದೂರದಲ್ಲಿ ಹಿಡಿದರೆ, ಕಣ್ಣಿಗೆ ಬೀಳುವ ಕೋನಗಳೆಲ್ಲ ಗೋಡೆಯ ಮೇಲಿನ ಹಾಳೆಯವೇ ಆಗಿರುತ್ತವೆ. ಕೆಲವೇ ರೂಪಾಯಿಗಳ ಖರ್ಚು. ಆ ಹಾಳೆಯನ್ನು ತಾವು ಓದದೆ, ವಿಷಯವನ್ನು ಅರಿಯದ ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು, ಅವರು ಓದಲಾರದ ಸಾಲುಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಸಲಿ; ಉಳಿದುದನ್ನು ದೊಡ್ಡ ಅಕ್ಷರಗಳಲ್ಲಿ ಮತ್ತೆ ಜೋಡಿಸಿ ಮುದ್ರಣಕ್ಕೆ ಒಯ್ಯಲಿ.