ಭಾರ ಅಷ್ಟೇ, ಜಾಗ ಬೇರೆ

ಬನಶಂಕರಿ ಮೂರನೇ ಹಂತದಲ್ಲಿ ನಮ್ಮ 30×40 ಮನೆ. ರಿಟೈರ್ ಆದ ಅಪ್ಪ, ಮೇಲೊಂದು ರೂಮು ಕಟ್ಟಿ ಬಾಡಿಗೆಗೆ ಕೊಡಬೇಕು ಅಂತ ಹಟ ಹಿಡಿದಿದ್ದರು. "ಮಕ್ಕಳ ಮುಂದೆ ಕೈ ಚಾಚೋದು ಬೇಡ ಕಣಮ್ಮಾ" ಅನ್ನೋದೇ ಅವರ ಮಾತು. ಜಾಗ ಸಾಲಲ್ಲ ಅಂತ ರೂಮನ್ನು ರಸ್ತೆ ಕಡೆಗೆ ಮೂರಡಿ ಚಾಚುವ ಪ್ಲಾನು. "9×12 ಪಿಲ್ಲರ್ ಸಾರ್, ಏನೂ ಆಗಲ್ಲ" ಅಂತ ಮೇಸ್ತ್ರಿ ಬೇರೆ ಧೈರ್ಯ ಕೊಟ್ಟಿದ್ದರು. ನಾನು ಸ್ಟ್ರಕ್ಚರಲ್ ಇಂಜಿನಿಯರ್. ಆದರೆ ಮನೇಲಿ ಬರೀ ಮಗಳು!

ಜಗಳ ಬೇಡ ಅಂತ ಪೇಪರ್ ತಗೊಂಡೆ. ಪಿಲ್ಲರ್ 230×300 ಮಿಲಿಮೀಟರ್, ಅದರ ಮೇಲೆ 20 ಟನ್ ಭಾರ ಅಂದ್ಕೊಳ್ಳಿ. ಭಾರ ಸರಿಯಾಗಿ ನಡುವೆ ಕೂತರೆ ಎಲ್ಲ ಕಡೆ ಒಂದೇ ಒತ್ತಡ: ಚದರ ಮಿಲಿಮೀಟರಿಗೆ ಸುಮಾರು 2.9 ನ್ಯೂಟನ್. ಆರಾಮ.

ಅದೇ ಭಾರ ನಡುವಿನಿಂದ 50 ಮಿಮೀ, ಅಂದರೆ ಎರಡೇ ಇಂಚು ರಸ್ತೆ ಕಡೆಗೆ ಸರಿದರೆ? ಪಿಲ್ಲರ್ ಬಾಗೋಕೆ ನೋಡುತ್ತೆ. ಬಾಗುವಿಕೆಯ ಒತ್ತಡ ರಸ್ತೆ ಕಡೆ ಕೂಡುತ್ತೆ, ಒಳಗಡೆ ಕಳೆಯುತ್ತೆ. ರಸ್ತೆ ಕಡೆ ಅಂಚಿನಲ್ಲಿ 5.8, ಒಳ ಅಂಚಿನಲ್ಲಿ ಸೊನ್ನೆ! ನಾಲ್ಕು ಇಂಚು ಸರಿದರೆ ಒಂದು ಕಡೆ ಮೂರು ಪಟ್ಟು, 8.7. ಇನ್ನೊಂದು ಕಡೆ ಒತ್ತೋದು ಹೋಗಿ 2.9ರಷ್ಟು ಎಳೆತ. ಒತ್ತಿದರೆ ತಡೆಯುವ ಕಾಂಕ್ರೀಟು ಎಳೆದರೆ ಬಿರುಕು ಬಿಡುತ್ತೆ. ಆಗ ಕಂಬಿ ಸಾಕಷ್ಟಿದೆಯಾ ಅನ್ನೋದೇ ಪ್ರಶ್ನೆ. ಅದಕ್ಕೇ ನಮ್ಮ ಐಎಸ್ 456 ಕೋಡ್ ಕೂಡ ಭಾರ ಕರಾರುವಾಕ್ಕಾಗಿ ನಡುವೆ ಕೂರುತ್ತೆ ಅಂತ ನಂಬಲ್ಲ. ಕನಿಷ್ಠ 20 ಮಿಮೀ ಸರಿದಿದೆ ಅಂತಲೇ ಲೆಕ್ಕ ಹಾಕು ಅನ್ನುತ್ತೆ.

ಅಪ್ಪ ಮೌನ. "20 ಲೀಟರ್ ನೀರಿನ ಕ್ಯಾನ್ ಒಂದೇ ಕೈಲಿ ಹಿಡಿದಾಗ ನಿಮ್ಮ ಸೊಂಟ ಏನನ್ನುತ್ತೆ?" ಅಂದೆ. ನಕ್ಕರು.

ಭಾನುವಾರ ರಾಗಿಗುಡ್ಡದ ಹತ್ತಿರ ಡಬಲ್ ಡೆಕ್ಕರ್ ಫ್ಲೈಓವರ್ ತೋರಿಸಿದೆ. ಕೆಳಗೆ ರಸ್ತೆ, ನಡುವೆ ಫ್ಲೈಓವರ್, ಮೇಲೆ 2025ರ ಆಗಸ್ಟ್‌ನಿಂದ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೋ. "ಎರಡು ಕಡೆನೂ ರೈಲಿದ್ರೆ ಭಾರ ಜಾಸ್ತಿ. ಒಂದೇ ಕಡೆ ಇದ್ರೆ ಭಾರ ಕಡಿಮೆ, ಆದ್ರೆ ಕಂಬ ಬಾಗೋದು ಜಾಸ್ತಿ. ಎರಡನ್ನೂ ಲೆಕ್ಕ ಹಾಕಿರ್ತಾರೆ ಅಪ್ಪಾ." ತಲೆ ಎತ್ತಿ ತುಂಬಾ ಹೊತ್ತು ನೋಡಿದರು.

ನಮ್ಮನೆ ಅಂತ ನನ್ನ ಲೆಕ್ಕವನ್ನೇ ನಂಬದೆ, ಇನ್ನೊಬ್ಬ ಇಂಜಿನಿಯರ್ ಕೈಲಿ ಪಿಲ್ಲರ್, ಕಂಬಿ, ಪಾಯ ಎಲ್ಲ ಚೆಕ್ ಮಾಡಿಸಿದ್ವಿ. ರೂಮು ಈಗ ಗೋಡೆ ಸಾಲಿನೊಳಗೇ ಇದೆ, ಚಿಕ್ಕದು. ಬಾಡಿಗೆ ಸ್ವಲ್ಪ ಕಡಿಮೆ. ಅಪ್ಪ ಮಾತ್ರ ಬಂದವರಿಗೆಲ್ಲ ಹೇಳ್ತಾರೆ: "ನಾನೂ ಕೈ ಚಾಚಲಿಲ್ಲ, ಮನೇನೂ ಚಾಚಲಿಲ್ಲ."

ನಿಮ್ಮನೇಲೂ ಯಾರಾದರೂ ಬಾಲ್ಕನಿ ಹೊರಗೆಳೆಯೋಕೆ ಹೊರಟಿದ್ದರೆ, "ಎಷ್ಟು ಭಾರ?" ಅಂತ ಮಾತ್ರ ಕೇಳಬೇಡಿ. "ಎಲ್ಲಿ ಕೂರುತ್ತೆ?" ಅಂತಲೂ ಕೇಳಿ.