ಮನೆಯ ಮಾತು: ಅಟ್ಟದ ಮೇಲಿನ ಬಿಲ್ಲು

ಕಳೆದ ದಸರೆಯಲ್ಲಿ ಹೊಸಪೇಟೆಗೆ ಹೋಗಿದ್ದಾಗ ಚಿತ್ತವಾಡ್ಗಿಯ ಮಿತ್ರರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಆಯುಧಪೂಜೆಗೆಂದು ಅಟ್ಟದ ಸಾಮಾನುಗಳನ್ನೆಲ್ಲ ಕೆಳಗಿಳಿಸುತ್ತಿದ್ದರು. ಕುಡುಗೋಲು, ಕೊಡಲಿ, ಬಾಚಿಗಳ ನಡುವೆ ಹೊಗೆ ಹಿಡಿದು ಕಪ್ಪಾದ ಬಿದಿರಿನ ಬಿಲ್ಲೊಂದು ಹೊರಬಿದ್ದಿತು. ಹೆದೆ ಎಂದೋ ಹರಿದುಹೋಗಿತ್ತು. ಅದನ್ನು ಮಾಡಿದವರು ಆ ಮನೆಯ ಹಿರಿಯರೇ. ಎಂಬತ್ತು ದಾಟಿದ ಅವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದರು.

ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಅವರ ಮೊಮ್ಮಗ ಅಮೆರಿಕದ ಒಂದು ಪತ್ರಿಕೆಯಲ್ಲಿ ಮುಳುಗಿದ್ದನು. ಬಿಲ್ಲು ಕೆತ್ತುವುದು, ಬಾಣಕ್ಕೆ ಗರಿ ಕಟ್ಟುವುದು, ಕಲ್ಲಿನಿಂದ ಕಿಡಿ ತೆಗೆಯುವುದು ಮುಂತಾದ ಹಳೆಯ ವಿದ್ಯೆಗಳಿಗೆಂದೇ ಮೀಸಲಾದ ಪತ್ರಿಕೆ ಅದು. ಹುಡುಗನಿಗೆ ಬಿಲ್ಲು ಮಾಡುವ ಆಸೆ. ಆದರೆ ಅದರಲ್ಲಿ ಹೇಳಿದ ಮರಗಳು ಸಂಡೂರಿನ ಗುಡ್ಡಗಳಲ್ಲಿ ಬೆಳೆಯುವಂಥವಲ್ಲ. ಹೀಗಾಗಿ ಆರು ತಿಂಗಳಿಂದ ಬರಿಯ ಓದು ನಡೆದಿತ್ತು, ಕೆಲಸ ಮೊದಲಾಗಿರಲಿಲ್ಲ. ನಾವು ಆ ಪತ್ರಿಕೆಯನ್ನು ಹಿರಿಯರ ಕೈಗೆ ಕೊಟ್ಟೆವು. ಅವರಿಗೆ ಇಂಗ್ಲಿಷು ಬಾರದು. ಬಗ್ಗಿಸಿದ ಬಿಲ್ಲಿನ ಚಿತ್ರವೊಂದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇದರ ಕೆಳಗಿನ ಕೈ ಮೆತ್ತಗೈತೆ, ಮೇಲಿನದು ಬಿಗಿ ಐತೆ. ಮೇಲೆ ಇನ್ನೊಂದಿಷ್ಟು ಹೆರೀಬೇಕು" ಎಂದರು. ಹುಡುಗ ಚಿತ್ರದ ಕೆಳಗಿನ ಬರೆಹವನ್ನು ಓದಿ ಬೆರಗಾದನು. ಕೆತ್ತನೆ ತಪ್ಪಿದ ಬಿಲ್ಲಿಗೆ ಉದಾಹರಣೆಯೆಂದೇ ಆ ಚಿತ್ರವನ್ನು ಅಲ್ಲಿ ಅಚ್ಚು ಹಾಕಿದ್ದರು.

"ತಾತ, ನಿನಗೆ ಇದೆಲ್ಲ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?" ಎಂದು ಅವನು ಕೇಳಿದನು.

"ನೀನು ಕೇಳಲಿಲ್ಲಲ್ಲೋ ಅಪ್ಪಾ" ಎಂದರು ಹಿರಿಯರು.

ವಾಚಕ ಮಹಾಶಯರೇ, ಈ ಎರಡು ಮಾತುಗಳು ಊರಿಗೆ ಹಿಂದಿರುಗಿದ ಮೇಲೂ ನಮ್ಮನ್ನು ಬಿಡಲಿಲ್ಲ. ಬಿಲ್ಲು ಆ ಸೀಮೆಗೆ ಹೊಸದೇನಲ್ಲ. ಆನೆಗೊಂದಿಯ ಸುತ್ತಲಿನ ನೆಲವನ್ನು ಜನರು ಕಿಷ್ಕಿಂಧೆಯೆಂದೇ ನಂಬಿಕೊಂಡು ಬಂದಿದ್ದಾರೆ. ಹಂಪೆಯ ಹೊಳೆಯ ದಂಡೆಯಲ್ಲಿ ನಿಂತಿರುವ ರಾಮನೂ ಕೋದಂಡರಾಮನೇ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆಯ ಸಾಲುಗಳನ್ನು ಈಗಲೂ ಕಾಣಬಹುದು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಪಾಯೆಸನು ದಸರೆಯ ಸೈನ್ಯವನ್ನು ಬಣ್ಣಿಸುವಾಗ, ಚಿನ್ನದ ತಗಡು ಹೊದಿಸಿದ ಬಿಲ್ಲುಗಳನ್ನೂ ಅಂದವಾಗಿ ಗರಿ ಕಟ್ಟಿದ ಬಾಣಗಳನ್ನೂ ಹೊಗಳಿದ್ದಾನೆ.

ಇದಕ್ಕಿಂತ ಹಿಂದಿನ ಒಂದು ಸಂಗತಿ ನಮಗೆ ಹೆಚ್ಚು ಬೋಧಪ್ರದವಾಗಿ ತೋರುತ್ತದೆ. ಬಹಮನಿ ಸುಲ್ತಾನರ ಎದುರಿಗೆ ತನ್ನ ಸೈನ್ಯ ಮತ್ತೆ ಮತ್ತೆ ಹಿಮ್ಮೆಟ್ಟುವುದೇಕೆಂದು ಇಮ್ಮಡಿ ದೇವರಾಯನು ಸಭೆ ಕರೆದು ವಿಚಾರಿಸಿದನೆಂದು ಚರಿತ್ರಕಾರ ಫೆರಿಸ್ತನು ಬರೆದಿದ್ದಾನೆ. ಅವರ ಕುದುರೆಗಳು ಉತ್ತಮ, ಅವರ ಬಿಲ್ಲುಗಾರರು ನುರಿತವರು ಎಂಬ ಉತ್ತರ ಬಂದಿತು. ಅರಸನು ಸಿಟ್ಟಾಗಲಿಲ್ಲ, ಮುಸಲ್ಮಾನ ಬಿಲ್ಲುಗಾರರನ್ನು ಕರೆಸಿ ಜಹಗೀರು ಕೊಟ್ಟನು, ಅವರಿಗೆ ಮಸೀದಿ ಕಟ್ಟಿಸಿದನು, ತನ್ನವರಿಗೆ ಅವರಿಂದ ವಿದ್ಯೆ ಕಲಿಸಿದನು. ಆ ಅರಸನ ಕಾಲದಲ್ಲಿಯೇ, 1439ರಲ್ಲಿ, ಅಹಮದ್ ಖಾನನೆಂಬ ಅಧಿಕಾರಿ ಕಟ್ಟಿಸಿದ ಮಸೀದಿ ಹಂಪೆಯಲ್ಲಿ ಇಂದಿಗೂ ನಿಂತಿದೆ. ಬಲ್ಲವರು ಯಾರೇ ಆಗಲಿ, ಕೇಳಿ ಕಲಿಯುವುದು ರಾಜನಿಗೂ ಅವಮಾನವೆನಿಸಲಿಲ್ಲ.

ಅಂಥ ವಿದ್ಯೆ ಮನೆಮನೆಯ ಅಟ್ಟವನ್ನು ಸೇರಿದ್ದು ಹೇಗೆ? ಮೊದಲು ಬಂದೂಕು ಬಂದಿತು. 1857ರಲ್ಲಿ ಸರಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಊರನ್ನೇ ಕಳೆದುಕೊಂಡರು. ಬಳಿಕ ಅಡವಿಗೆ ಕಟ್ಟುಪಾಡುಗಳು ಬಂದುವು. ಕೊನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನೇ ನಿಲ್ಲಿಸಿತು. ಬಿಲ್ಲುಬಾಣಗಳನ್ನೂ ಅದು ಆಯುಧವೆಂದೇ ಎಣಿಸುತ್ತದೆ. ಬೇಟೆ ನಿಂತದ್ದು ಒಳ್ಳೆಯದೇ ಆಯಿತು. ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆ ಧಾಮವಾಗಿರುವುದನ್ನು ಕಂಡು ಸಂತೋಷಪಡದವರಾರು? ಆದರೆ ಬೇಟೆಯೊಡನೆ ಕೈಕೆಲಸವೂ ಸಾಯಬೇಕೆಂಬ ನಿಯಮವೇನೂ ಇಲ್ಲ. ಹುಲ್ಲಿನ ಪಿಂಡಿಗೆ ಗುರಿಯಿಟ್ಟರೂ ಬಿಲ್ಲು ಬಿಲ್ಲೇ.

ಅಮೆರಿಕದವರ ಆ ಪತ್ರಿಕೆಗಳ ಹಿಂದೆಯೂ ಒಂದು ಕರುಣಕಥೆಯಿದೆ. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನ ಬಳಿ ಕಾಡಿನಿಂದ ಒಬ್ಬ ಮನುಷ್ಯನು ಒಂಟಿಯಾಗಿ ಹೊರಬಂದನು. ಯಾಹಿ ಎಂಬ ಕುಲದಲ್ಲಿ ಅವನೊಬ್ಬನೇ ಉಳಿದಿದ್ದನು. ಅವನು ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ. ಅವನ ಭಾಷೆಯಲ್ಲಿ ಮನುಷ್ಯನೆಂದು ಅರ್ಥ ಬರುವ 'ಇಶಿ' ಎಂಬ ಮಾತಿನಿಂದಲೇ ಜನರು ಕರೆದರು. ವಿಶ್ವವಿದ್ಯಾನಿಲಯದ ವೈದ್ಯನಾಗಿದ್ದ ಸ್ಯಾಕ್ಸ್‌ಟನ್ ಪೋಪನು ಅವನ ಬಳಿ ಶಿಷ್ಯನಂತೆ ಕುಳಿತು ಬಿಲ್ಲು ಮಾಡುವುದನ್ನು ಕಲಿತನು. ನೋಡಿದ್ದನ್ನೆಲ್ಲ ಅಳೆದು ಬರೆದಿಟ್ಟನು. ಇಶಿಯು 1916ರಲ್ಲಿ ಕ್ಷಯದಿಂದ ತೀರಿಕೊಂಡನು. ಪೋಪನು ಬರೆದುದು 1918ರಲ್ಲಿ ಅಚ್ಚಾಯಿತು. ಒಂದು ಕುಲವೇ ಅಳಿದರೂ ಅದರ ಕೈಯ ವಿದ್ಯೆ ಅಳಿಯಲಿಲ್ಲ. ಕೇಳುವವನೊಬ್ಬನಿದ್ದನು, ಅವನು ಬರೆದುಕೊಂಡನು, ಅಷ್ಟೆ. ನಮ್ಮ ಹಿರಿಯರ ಕುಲವಾದರೋ ಅಳಿದಿಲ್ಲ. ಮಕ್ಕಳು ಮೊಮ್ಮಕ್ಕಳು ಮನೆತುಂಬ ಇದ್ದಾರೆ. ಕೇಳುವವರು ಮಾತ್ರ ಇಲ್ಲ.

ಆ ಎರಡು ದಿನ ನಾವು ಕೇಳಿ ಬರೆದುಕೊಂಡದ್ದರ ಸಾರ ಹೀಗಿದೆ. ಬಲಿತ ಬಿದಿರನ್ನು ಮೇದಾರರಲ್ಲಿ ಕೊಂಡು, ಸೀಳಿ, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರಿಯುತ್ತದೆ. ಉದ್ದ ಬಿಲ್ಲುಗಾರನ ಎತ್ತರದಷ್ಟು. ಅಗ್ನಿಪುರಾಣದ ಧನುರ್ವೇದ ಭಾಗವೂ 4 ಮೊಳದ ಬಿಲ್ಲನ್ನು ಉತ್ತಮವೆಂದೂ 3 ಮೊಳದ್ದನ್ನು ಕನಿಷ್ಠವೆಂದೂ ಹೇಳುವುದನ್ನು ನೆನೆದರೆ, ಓದುಬರಹವಿಲ್ಲದ ಕೈಗೂ ಗ್ರಂಥಕ್ಕೂ ಎಷ್ಟು ಹತ್ತಿರವೆಂದು ಆಶ್ಚರ್ಯವಾಗುತ್ತದೆ. ಬಿದಿರಿನ ಹೊರಸಿಪ್ಪೆಯ ಮೈ ಗುರಿಯ ಕಡೆಗಿರಬೇಕು. ಗಟ್ಟಿನಾರು ಒತ್ತಾಗಿರುವುದು ಅಲ್ಲಿಯೇ, ಎಳೆತವನ್ನು ತಡೆಯುವುದೂ ಅದೇ. ಅದಕ್ಕೆ ಕತ್ತಿ ತಾಗಿಸಕೂಡದು. ಹೆರೆಯುವುದೆಲ್ಲ ಒಳಮೈಯನ್ನು, ಅದೂ ತುಸುತುಸುವಾಗಿ. ನಾಲ್ಕು ಸಲ ಹೆರೆದು ಒಂದು ಸಲ ಬಗ್ಗಿಸಿ ನೋಡಬೇಕು. ಎರಡು ಕೈಗಳೂ ಸಮನಾಗಿ ಬಾಗಿದರೆ ಬಿಲ್ಲು ಬಾಳುತ್ತದೆ. ಒಂದೇ ಕಡೆ ಬಾಗಿದರೆ ಅಲ್ಲಿಯೇ ಮುರಿಯುತ್ತದೆ. ಹೆದೆಗೆ ಸಣಬಿನ ನಾರನ್ನು ಹೊಸೆಯಬೇಕು. ಕೆಲಸ ಮುಗಿದ ಕೂಡಲೆ ಹೆದೆಯಿಳಿಸಬೇಕು. ಬಾಣವಿಲ್ಲದೆ ಎಂದಿಗೂ ಹೆದೆಯನ್ನೆಳೆದು ಬಿಡಬಾರದು. ಬಾಣವಿಲ್ಲದಾಗ ಬಿಟ್ಟ ಬಲವೆಲ್ಲ ಬಿಲ್ಲಿನ ಮೇಲೆಯೇ ತಿರುಗಿ ಬೀಳುತ್ತದೆ.

ಇಷ್ಟನ್ನು ಬರೆದುಕೊಂಡೆವಾದರೂ ಬರೆಹದಲ್ಲಿ ಹಿಡಿಯಲಾರದ್ದೂ ಒಂದಿತ್ತು. ಎಷ್ಟು ಹೆರೆದರೆ ಸಾಕೆಂದು ಕೇಳಿದಾಗ ಹಿರಿಯರು ಮಾತಾಡಲಿಲ್ಲ. ಮೊಮ್ಮಗನ ಹೆಬ್ಬೆರಳನ್ನು ಹಿಡಿದು ಆ ಹಳೆಯ ಬಿಲ್ಲಿನ ಒಳಮೈಯ ಮೇಲೆ ಹಿಡಿಯಿಂದ ತುದಿಯವರೆಗೆ ಮೆಲ್ಲನೆ ಎಳೆದರು. ಅವರ ಕೈ ನಡುಗುತ್ತಿತ್ತು. ಅವರು ಇನ್ನು ಬಿಲ್ಲು ಕೆತ್ತಲಾರರು, ತೋರಿಸಬಲ್ಲರು. ಅದೂ ಇನ್ನೆಷ್ಟು ದಿನ?

ಆದುದರಿಂದ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರಲ್ಲಿ ಒಬ್ಬರಿಗೆ ಹರಿಗೋಲು ಹೆಣೆಯಲು ಬರುತ್ತಿರಬಹುದು. ಇನ್ನೊಬ್ಬರಿಗೆ ಜೋಳದ ಹೊಲದ ಅಟ್ಟಣೆಯೇರಿ ಕವಣೆ ಬೀಸಲು. ಅಜ್ಜಿಗೆ ಅಡವಿಯ ಸೊಪ್ಪುಗಳ ಗುರುತು. ಈ ವಾರವೇ ಹತ್ತಿರ ಕುಳಿತು ಕೇಳಿರಿ. ಕನ್ನಡದಲ್ಲಿ, ಅವರ ಬಾಯಿಂದ ಬಂದ ಮಾತುಗಳಲ್ಲಿಯೇ ಬರೆದಿಡಿರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಮಕ್ಕಳನ್ನು ಗದರಿಸುವ ನಾವು, ಬಗ್ಗಿ ಕಲಿಯಲು ಅವರಿಗೆ ಏನನ್ನಾದರೂ ಕೊಟ್ಟಿದ್ದೇವೆಯೇ ಎಂದೂ ಯೋಚಿಸಬೇಕು. ಬಿಲ್ಲು ಹಿಡಿದ ಹುಡುಗರ ಬಳಿ ದೊಡ್ಡವರೊಬ್ಬರು ನಿಂತಿರಲಿ; ಗುರಿಯ ಹಿಂದೆ ಮಣ್ಣಿನ ದಿಬ್ಬವಿರಲಿ; ಹಕ್ಕಿ ಪ್ರಾಣಿಗಳ ಕಡೆಗೆ ಬಾಣ ತಿರುಗದಿರಲಿ.

ಮರುದಿನ ವಿಜಯದಶಮಿ. ಬನ್ನಿಯ ಎಲೆಗಳನ್ನು ಕೊಟ್ಟು ನಮಸ್ಕರಿಸಿದ ಮೊಮ್ಮಗನ ತಲೆಯ ಮೇಲೆ ಹಿರಿಯರು ಕೈಯಿಟ್ಟರು. ಪಾಂಡವರು ಬನ್ನಿಯಲ್ಲಿ ಅಡಗಿಸಿದ್ದ ಆಯುಧಗಳ ಕಥೆ ನಮಗೆ ನೆನಪಾಯಿತು. ಮರ ಹತ್ತಿ ಗಾಂಡೀವವನ್ನು ಕೆಳಗಿಳಿಸಿದವನು ಹುಡುಗ ಉತ್ತರ, ಹೆದೆಯೇರಿಸಿದವನು ಅರ್ಜುನ. ಇಬ್ಬರಲ್ಲಿ ಯಾರಿಲ್ಲದಿದ್ದರೂ ಆ ಬಿಲ್ಲು ಮರದ ಮೇಲೆಯೇ ಇರುತ್ತಿತ್ತು.